ಗುರುತಿನ ಚೀಲ

ಚೀಲ ಬಿಟ್ಟು ಬರುವುದು ನನ್ನ ಉದ್ಯೋಗ. ಮರೆತು ಬಿಡುವುದಲ್ಲ, ಬೇಕೆಂದೇ ಬಿಡುವುದು. ಹೇಳಿದರೆ ಜನ ನಕ್ಕಾರು, ಆದರೆ ಹೇಳುವ ಹಾಗೂ ಇಲ್ಲ. ಮನೆಯವರ ಮುಂದೆಯೂ ಬಾಯಿ ಬಿಡಕೂಡದು ಎಂಬುದು ನಮ್ಮ ಕಚೇರಿಯ ಕಟ್ಟಪ್ಪಣೆ. ಸುರಕ್ಷತಾ ತರಬೇತಿ ಕಚೇರಿ ಅದು. ಬೆಳಿಗ್ಗೆ ಮರಳು, ತುಂಡು ವೈರು, ಕೆಟ್ಟ ಗಡಿಯಾರ ಸೇರಿಸಿ ಒಂದು ಹುಸಿ ಬಾಂಬು ಕಟ್ಟುತ್ತೇವೆ. ಅದನ್ನು ಚೀಲಕ್ಕೆ ಹಾಕಿ, ಜನ ಸೇರುವ ಕಡೆ ಇಟ್ಟು, ದೂರದಲ್ಲಿ ಕೂತು, ಅಲ್ಲಿನ ಕಾವಲಿನವರು ಏನು ಮಾಡುತ್ತಾರೆಂದು ನೋಡುತ್ತೇವೆ. ಇಡುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮಿಕ್ಕಿದ್ದೆಲ್ಲ ನೋಡುವುದು.

ನೋಡುವುದು ಸುಲಭ ಎಂದುಕೊಂಡವರು ಒಂದು ದಿನ ಬಂದು ಕೂರಲಿ. ಒಂದೇ ಚೀಲವನ್ನು ಅಷ್ಟು ಹೊತ್ತು ನೋಡುತ್ತಿದ್ದರೆ ಅದರ ಸುತ್ತಲಿನ ಲೋಕ ನಿಧಾನವಾಗುತ್ತದೆ. ಹಾದುಹೋಗುವ ಕಾಲುಗಳು ನೀರಿನೊಳಗೆ ನಡೆಯುತ್ತಿರುವಂತೆ ಕಾಣುತ್ತವೆ. ಮಾತುಗಳೆಲ್ಲ ಕಲೆತು ಒಂದೇ ಗುಂಯ್ ಎಂಬ ಸದ್ದಾಗುತ್ತದೆ. ನಾನು ಎಚ್ಚರವಾಗಿರುತ್ತೇನೆ, ಆದರೂ ಕನಸಿನಲ್ಲಿರುತ್ತೇನೆ. ಆ ಕನಸಿನಲ್ಲಿ ಜನ ನನ್ನ ಚೀಲದ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಉಣ್ಣುತ್ತಾರೆ, ಅದಕ್ಕೆ ಒರಗಿ ನಿದ್ದೆ ಮಾಡುತ್ತಾರೆ, ದಾರಿಗೆ ಅಡ್ಡ ಎಂದು ಕಾಲಿನಿಂದ ತಳ್ಳುತ್ತಾರೆ. ಒಬ್ಬ ಮಹಾರಾಯ ಅದರ ಮೇಲೆ ತನ್ನ ಮಗುವನ್ನು ಕೂರಿಸಿ ಬೂಟಿನ ದಾರ ಕಟ್ಟಿದ್ದ. ಎದ್ದು ಹೋಗಿ ಅವನ ಕಿವಿ ಹಿಂಡಬೇಕು ಅನ್ನಿಸಿತ್ತು. ನನಗೆ ಸಂಬಳ ಕೊಡುವುದು ಅದಕ್ಕಲ್ಲವಲ್ಲ, ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆ ದಿನಗಳಲ್ಲಿ ಊರಿನ ತುಂಬ ಬೆದರಿಕೆ ಕರೆಗಳದ್ದೇ ಸುಗ್ಗಿ. ಇವತ್ತು ಶಾಲೆಗೆ, ನಾಳೆ ಬ್ಯಾಂಕಿಗೆ, ನಾಡಿದ್ದು ಆಸ್ಪತ್ರೆಗೆ: ಬಾಂಬಿಟ್ಟಿದ್ದೇವೆ, ಖಾಲಿ ಮಾಡಿ. ಎಲ್ಲವೂ ಹುಸಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೊದಮೊದಲು ಜನ ಚಪ್ಪಲಿ ಬಿಟ್ಟು ಓಡಿದರು. ಆಮೇಲೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟರು. ಬರಬರುತ್ತಾ, ಇನ್ನೊಂದು ಬಂತಾ ಎಂದು ಆಕಳಿಸಿ ಕೂತಲ್ಲೇ ಕೂತರು. ಜನ ಹೀಗೆ ಕೂತಾಗಲೇ ನಿಜವಾದದ್ದು ಬರುವುದು ಎಂದು ನಮ್ಮ ಸಾಹೇಬರಿಗೆ ಹೆದರಿಕೆ. ಅದಕ್ಕೇ ಹೊಸ ಕಟ್ಟಳೆ ತಂದರು: ನಮ್ಮ ಪರೀಕ್ಷೆಯಲ್ಲಿ ಸೋತ ಕಾವಲಿನವರಿಗೆ ಮರುದಿನದಿಂದ ಕೆಲಸವಿಲ್ಲ. ಅತ್ತರೂ ಇಲ್ಲ, ಕಾಲು ಹಿಡಿದರೂ ಇಲ್ಲ.

ದೊಡ್ಡಾಸ್ಪತ್ರೆಯ ಹೊರರೋಗಿಗಳ ಪಡಸಾಲೆಯಲ್ಲಿ ನನ್ನ ಸೋದರತ್ತೆ ಕಾವಲಿಗಿದ್ದಳು. ಅಪ್ಪನ ತಂಗಿ, ಅಮ್ಮ ಹೋದ ಮೇಲೆ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಆಸ್ಪತ್ರೆಯಲ್ಲಿ ಅವಳಿಗೆ ಹದ್ದು ಎಂದೇ ಹೆಸರು. ಕಣ್ಣು ಅಂಥದ್ದು. ಯಾವ ಮುದುಕ ಯಾವ ಮಗನ ಜೊತೆ ಬಂದ, ಯಾವ ಕೊಡೆ ಯಾರ ಕೈಯಲ್ಲಿ ಒಳಗೆ ಹೋಯಿತು, ಹೊರಗೆ ಬರುವಾಗ ಆ ಕೈಯಲ್ಲೇ ಇತ್ತೇ, ಎಲ್ಲವನ್ನೂ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಮರೆತು ಹೊರಟವರನ್ನು ತಡೆದು, "ಏನಪ್ಪಾ, ಮಳೆ ನಿನ್ನ ನೆಂಟನಾ? ಕೊಡೆ ಯಾರಿಗೆ ಬಿಟ್ಟೆ?" ಎಂದು ಕೇಳುತ್ತಿದ್ದಳು. ಜೊತೆಯವರಿಗೆ ಅದು ತಮಾಷೆ, ಅವಳಿಗೆ ಅದೇ ಉಸಿರು. ನೀಲಿ ಅಂಗಿ ತೊಟ್ಟು, ಟೋಪಿ ಇಟ್ಟು ಕನ್ನಡಿಯ ಮುಂದೆ ನಿಂತರೆ ಅವಳ ಮುಖದಿಂದ ವಯಸ್ಸು ಇಳಿದುಹೋಗುತ್ತಿತ್ತು. ಈ ಕೆಲಸ ಹೋದರೆ ಅವಳಿಗೆ ಇನ್ನೊಬ್ಬರು ಕೆಲಸ ಕೊಡುವುದು ಆಗದ ಮಾತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ನಂಟರಿರುವ ಕಡೆಗೆ ನಾವು ಪರೀಕ್ಷೆಗೆ ಹೋಗಬಾರದು. ಹೋಗಬೇಕಾದವನಿಗೆ ಜ್ವರ ಬಂದು ಸಾಹೇಬರು ನನ್ನತ್ತ ತಿರುಗಿ, "ದೊಡ್ಡಾಸ್ಪತ್ರೆಗೆ ನೀನು ಹೋಗ್ತೀಯೇನಮ್ಮ?" ಎಂದಾಗ ಇಲ್ಲ ಅನ್ನಬೇಕಿತ್ತು. ನನಗೋ, ಸೋಲುವವರನ್ನು ನೋಡಿ ನೋಡಿ ಸಾಕಾಗಿತ್ತು. ಒಮ್ಮೆಯಾದರೂ ಗೆಲ್ಲುವವರನ್ನು ನೋಡಬೇಕು, ಅದೂ ನಮ್ಮವಳೇ ಗೆಲ್ಲಬೇಕು, ನಾನು ಮೂಲೆಯಲ್ಲಿ ಕೂತು ಒಳಗೊಳಗೇ ಚಪ್ಪಾಳೆ ತಟ್ಟಬೇಕು ಎಂಬ ಆಸೆ. "ಹೋಗ್ತೀನಿ ಸರ್" ಅಂದುಬಿಟ್ಟೆ.

ಚೀಲ ಹೊಸದೇ ಕೊಂಡೆ. ಕಂದು ಬಣ್ಣದ ದಪ್ಪ ಬಟ್ಟೆಯದು, ನಮ್ಮ ಮನೆಯ ಯಾವ ಗೂಟದ ಮೇಲೂ ಅಂಥದ್ದು ಇರಲಿಲ್ಲ. ಮುಖಕ್ಕೆ ಮಾಸ್ಕು, ತಲೆಗೆ ವಸ್ತ್ರ, ಎಡಗೈಗೆ ಸುಳ್ಳು ಬ್ಯಾಂಡೇಜು. ಆಸ್ಪತ್ರೆಯಲ್ಲಿ ಮುಖ ಮುಚ್ಚಿಕೊಂಡವರನ್ನು ಯಾರೂ ಕಳ್ಳರೆನ್ನುವುದಿಲ್ಲ, ಪಾಪ ಅನ್ನುತ್ತಾರೆ. ಅತ್ತೆ ನಿಲ್ಲುವ ಬಾಗಿಲು ಬಿಟ್ಟು ಔಷಧಿ ಅಂಗಡಿಯ ಕಡೆಯಿಂದ ಒಳಗೆ ಹೋದೆ.

ಹೊರರೋಗಿಗಳ ಪಡಸಾಲೆಯಲ್ಲಿ ಮಧ್ಯಾಹ್ನಕ್ಕೆ ಮುಂಚಿನ ಆ ಹೊತ್ತು ಬೇರೆಯೇ. ಮೇಲಿನ ಗಾಜಿನಿಂದ ಇಳಿದ ಬಿಸಿಲು ನೆಲದ ಮೇಲೆ ಮೆಲ್ಲಗೆ ಜರುಗುತ್ತಿರುತ್ತದೆ, ಜರುಗಿದಂತೆ ಜನರೂ ಬೆಂಚಿನ ಮೇಲೆ ಒಂದೊಂದು ಗೇಣು ಜರುಗುತ್ತಾರೆ. ಫ್ಯಾನುಗಳು ತೂಕಡಿಸುತ್ತಾ ತಿರುಗುತ್ತವೆ. ಧ್ವನಿವರ್ಧಕದ ಹೆಂಗಸು ನಿದ್ದೆಯಲ್ಲೇ ಯಾರನ್ನೋ ಕರೆಯುವಂತೆ ಸಂಖ್ಯೆಗಳನ್ನು ಕೂಗುತ್ತಾಳೆ. ಎಕ್ಸ್‌ರೇ ಕವರನ್ನು ಎದೆಗವಚಿಕೊಂಡವರು, ಫ್ಲಾಸ್ಕು ಹಿಡಿದವರು, ಕಂಬಳಿ ಸುತ್ತಿದ ಗಂಟು ಹೊತ್ತವರು, ಎಲ್ಲರೂ ತಮ್ಮ ತಮ್ಮ ನೋವಿನ ಒಳಗೆ ಕಣ್ಣು ತೆರೆದೇ ಮಲಗಿರುತ್ತಾರೆ. ಎಲ್ಲಿ ನೋಡಿದರೂ ಚೀಲಗಳೇ. ಅವುಗಳ ನಡುವೆ ಇನ್ನೊಂದು ಚೀಲ ಯಾರ ಕಣ್ಣಿಗೆ ಬೀಳಬೇಕು? ಕಂಬದ ಪಕ್ಕದ ಬೆಂಚಿನ ಕೆಳಗೆ ಅದನ್ನು ಸರಿಸಿ, ಎದ್ದು, ಪಡಸಾಲೆಯ ಇನ್ನೊಂದು ತುದಿಗೆ ಹೋಗಿ ಕೂತೆ.

ಲೋಕ ನಿಧಾನವಾಗತೊಡಗಿತು. ಒಬ್ಬ ಮುದುಕ ಬಂದು ಆ ಬೆಂಚಿನಲ್ಲಿ ಕೂತ, ಚೀಲವನ್ನು ನೋಡಿದ, ತನ್ನ ಊರುಗೋಲನ್ನು ಅದಕ್ಕೆ ಒರಗಿಸಿದ. ಅವನ ಸೊಸೆಯಿರಬೇಕು, ಚೀಲವನ್ನು ಇನ್ನಷ್ಟು ಒಳಗೆ ನೂಕಿ ಜಾಗ ಮಾಡಿಕೊಂಡಳು. ಒಬ್ಬ ಕಾವಲುಗಾರ ಅದರ ಮುಂದೆಯೇ ಹಾದುಹೋದ. ಅವನ ಕಣ್ಣು ಮೊಬೈಲಿನಲ್ಲಿತ್ತು, ಮನಸ್ಸು ಇನ್ನೆಲ್ಲಿತ್ತೋ. ಮುದುಕನೂ ಸೊಸೆಯೂ ಎದ್ದು ಹೋದರು. ಬಿಸಿಲಿನ ಚೌಕ ತೇಲಿಕೊಂಡು ಬಂದು ಚೀಲದ ಅಂಚನ್ನು ಮುಟ್ಟಿತು.

ಆಗ ಅತ್ತೆ ಬಂದಳು. ಪಡಸಾಲೆಯ ಸುತ್ತು ಹಾಕುವ ಹೊತ್ತು ಅದು. ನಡುವಿನ ದಾರಿಯಲ್ಲಿ ನಾಲ್ಕು ಹೆಜ್ಜೆ ಹಾಕಿದ್ದಾಳೋ ಇಲ್ಲವೋ, ನಿಂತಳು. ಅಷ್ಟು ದೂರದಿಂದ, ಅಷ್ಟು ಚೀಲಗಳ ನಡುವಿನಿಂದ ಅದೊಂದನ್ನೇ ಕಣ್ಣು ಆರಿಸಿತು. ನನ್ನ ಎದೆ ಉಬ್ಬಿತು. ನಮ್ಮ ಹದ್ದು ಅಂದರೆ ಏನೆಂದುಕೊಂಡಿರಿ! ಮುಂದಿನದು ಮಕ್ಕಳಿಗೂ ಬಾಯಿಪಾಠ ಆಗುವಂಥದ್ದು: ಮುಟ್ಟಬಾರದು, ಅಲುಗಿಸಬಾರದು; ಯಾರದೆಂದು ಗಟ್ಟಿಯಾಗಿ ಕೇಳಬೇಕು; ಯಾರೂ ಬಾರದಿದ್ದರೆ ಜನರನ್ನು ದೂರ ಸರಿಸಿ, ತಾನೂ ದೂರ ಹೋಗಿ ಕಂಟ್ರೋಲ್ ರೂಮಿಗೆ ತಿಳಿಸಬೇಕು. ಮಾಸ್ಕಿನೊಳಗೆ ನಾನು ತುಟಿ ಅಲುಗಿಸಿ ಅದನ್ನೇ ಹೇಳುತ್ತಿದ್ದೆ. ಕೇಳು ಅತ್ತೆ, ಯಾರದು ಅಂತ ಕೂಗು.

ಅವಳು ಬಾಗಿದಳು. ಚೀಲದ ಬಾಯಿಯನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಆಯಿತು. ಮೊದಲು ಒಂದು ನಗು ಬಂತು, ಮಗು ಬಾಗಿಲ ಹಿಂದೆ ಅಡಗಿದ್ದು ಗೊತ್ತಾದಾಗ ಬರುವಂಥದ್ದು. ಅದರ ಬೆನ್ನಿಗೇ ಆ ನಗು ಮಾಯವಾಗಿ ಮುಖ ಬಿಳುಚಿತು. ತಲೆಯೆತ್ತಿ ಸುತ್ತಲೂ ನೋಡಿದಳು. ಆಮೇಲೆ ಕೈ ಚಾಚಿ ಚೀಲವನ್ನು ಎತ್ತಿ, ಎತ್ತಿದ್ದಷ್ಟೇ ಅಲ್ಲ, ಕೂಸನ್ನು ಎತ್ತಿಕೊಂಡಂತೆ ಸೊಂಟದ ಮೇಲೆ ಇಟ್ಟುಕೊಂಡಳು.

ಜೀವ ಬಾಯಿಗೆ ಬಂತು ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ. ಒಳಗಿರುವುದು ಮರಳು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ ಹೊತ್ತಿನಲ್ಲಿ ಅದು ನನಗೂ ಮರೆತುಹೋಯಿತು. ಅತ್ತೆ ಆ ಚೀಲ ಹೊತ್ತು ಪಡಸಾಲೆಯ ತುಂಬ ನಡೆದಳು. ಬಿಸಿಲಿನ ಚೌಕಗಳನ್ನು ಒಂದೊಂದಾಗಿ ದಾಟಿದಳು. ಬೆಳಕಿಗೆ ಬಂದಾಗ ಕಾಣುತ್ತಿದ್ದಳು, ನೆರಳಿಗೆ ಹೋದಾಗ ಮಸುಕಾಗುತ್ತಿದ್ದಳು, ಪ್ರತಿಸಲ ಮಸುಕಾದಾಗಲೂ ಇನ್ನು ಕಾಣಿಸುವುದಿಲ್ಲವೇನೋ ಎಂದು ಹೆದರುತ್ತಿದ್ದೆ. ಗಾಲಿಕುರ್ಚಿಗಳ ಸಾಲು ದಾಟಿದಳು. ಬಸುರಿಯರ ಬೆಂಚಿನ ಮುಂದೆ ನಿಂತು ಏನೋ ಕೇಳಿದಳು. ಚುಚ್ಚುಮದ್ದಿಗೆ ತಂದ ಕೂಸುಗಳು ತಾಯಂದಿರ ಮಡಿಲಲ್ಲಿ ನಿದ್ದೆ ಹೋಗಿದ್ದ ಸಾಲಿನ ನಡುವೆಯೇ ಹಾದುಬಂದಳು. ಚೀಲದ ಅಂಚು ಒಂದು ಕೂಸಿನ ಪಾದಕ್ಕೆ ತಾಗಿತು, ಕೂಸು ಕಾಲೆಳೆದುಕೊಂಡು ಮತ್ತೆ ಮಲಗಿತು. ಫ್ಯಾನು ನಿಂತಂತೆ, ಧ್ವನಿವರ್ಧಕದ ಹೆಂಗಸು ನಡುವೆಯೇ ಮಾತು ಮರೆತಂತೆ, ಇಡೀ ಪಡಸಾಲೆ ಕಾಗದದಂತೆ ಹಗುರಾಗಿ ಮೇಲೆ ತೇಲಿ ಹೋಗಲಿದೆ ಎಂಬಂತೆ ನನಗೆ ಅನ್ನಿಸುತ್ತಿತ್ತು. ಕೂಗಬೇಕು. ಕೂತಲ್ಲೇ ಕೂತಿದ್ದೆ.

ಹದ್ದಿನ ಕಣ್ಣು ನನ್ನನ್ನು ಬಿಟ್ಟೀತೇ? ಮಾಸ್ಕು, ವಸ್ತ್ರ, ಬ್ಯಾಂಡೇಜು ಯಾವುದೂ ಉಪಯೋಗಕ್ಕೆ ಬರಲಿಲ್ಲ. ನೇರ ನನ್ನ ಮುಂದೆ ಬಂದು ನಿಂತಳು.

"ಏನೇ ಇದು? ಕೈಗೇನಾಯ್ತು?"

"ಅತ್ತೆ, ಚೀಲ..."

"ಚೀಲಕ್ಕೆ ಬೆಂಕಿ ಹಾಕು. ಕೈಗೇನಾಯ್ತು ಅಂದೆ. ಬರೀ ಕೈಗೇನಾ, ಇನ್ನೇನಾದ್ರೂ ಇದೆಯಾ? ಯಾವ ಡಾಕ್ಟ್ರಿಗೆ ತೋರಿಸಿದೆ? ಏನಂದ್ರು?"

"ನನ್ನದು ಅಂತ ಹೇಗೆ ಗೊತ್ತಾಯ್ತು?"

"ಗಂಟು ನೋಡಿದ್ರೆ ಗೊತ್ತಾಗಲ್ವಾ? ಎರಡು ಸುತ್ತು ಸುತ್ತಿ ತುದಿ ಒಳಗೆ ಸಿಕ್ಕಿಸೋದು ನಿನಗೆ ಹೇಳಿಕೊಟ್ಟೋಳು ಯಾರು? ಇಡೀ ಊರಲ್ಲಿ ಹೀಗೆ ಕಟ್ಟೋರು ನಾವಿಬ್ಬರೇ ಕಣೇ."

ನೋಡಿದೆ. ನಿಜ. ಬಟ್ಟೆ ಬದಲಾಯಿಸಿದ್ದೆ, ಬಣ್ಣ ಬದಲಾಯಿಸಿದ್ದೆ. ಕೈ ಮಾತ್ರ ಶಾಲೆಗೆ ಹೋಗುವಾಗ ಡಬ್ಬಿಯ ಚೀಲಕ್ಕೆ ಹಾಕುತ್ತಿದ್ದ ಗಂಟನ್ನೇ ಹಾಕಿತ್ತು, ನನ್ನನ್ನು ಒಂದು ಮಾತೂ ಕೇಳದೆ.

ಅತ್ತೆ ಪಕ್ಕದಲ್ಲಿ ಕುಸಿದು ಕೂತಳು. ಚೀಲ ಅವಳ ತೊಡೆಯ ಮೇಲೇ ಇತ್ತು. "ನಿಮ್ಮಮ್ಮ ಮಾಡಿದ್ದೂ ಇದನ್ನೇ. ಯಾರಿಗೂ ಹೇಳದೆ ಒಬ್ಬಳೇ ಬಂದು ಹೀಗೇ ಬೆಂಚಿನ ತುದೀಲಿ ಕೂತಿರ್ತಿದ್ಲು. ನಮಗೆ ಗೊತ್ತಾಗೋ ಹೊತ್ತಿಗೆ ಕೈಮೀರಿತ್ತು. ನೀನೂ ನನ್ನ ಹತ್ರ ಮುಚ್ಚಿಡ್ತೀಯಾ? ಎಷ್ಟು ದಿನದಿಂದ ಬರ್ತಿದ್ದೀಯ? ಹೇಳು, ನಾನು ಅಳಲ್ಲ."

"ನನಗೇನೂ ಆಗಿಲ್ಲ ಅತ್ತೆ. ಬ್ಯಾಂಡೇಜು ಸುಳ್ಳು."

"ಸುಳ್ಳಾ?"

"ಚೀಲಾನೂ ಸುಳ್ಳು. ಒಳಗಿರೋದು ಹುಸಿ ಬಾಂಬು. ನಮ್ಮ ಆಫೀಸಿಂದ ನಿನಗೆ ಇಟ್ಟ ಪರೀಕ್ಷೆ ಇದು. ನನ್ನ ಕೆಲಸವೇ ಇದು ಅತ್ತೆ."

ಅವಳು ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ದೊಡ್ಡ ಉಸಿರು ಬಿಟ್ಟಳು. "ಅಬ್ಬಾ! ಅಷ್ಟೇನಾ! ಹಾಳಾದೋಳೇ, ನನ್ನ ಜೀವಾನೇ ತೆಗೆದುಬಿಟ್ಟಿದ್ಯಲ್ಲೇ!" ಎಂದು ಬೆನ್ನಿಗೊಂದು ಗುದ್ದಿ ನಗತೊಡಗಿದಳು. ಆ ನಗು ಅರ್ಧಕ್ಕೇ ನಿಂತಿತು. ತೊಡೆಯ ಮೇಲಿನ ಚೀಲವನ್ನು ನೋಡಿದಳು. ಅದನ್ನು ಬಹಳ ಮೆಲ್ಲಗೆ ಕೆಳಗಿಟ್ಟಳು.

ಯಾರೂ ನೋಡಿರಲಿಲ್ಲ. ಆ ಪಡಸಾಲೆಯಲ್ಲಿ ಯಾರು ಏನನ್ನು ನೋಡುತ್ತಾರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ನನ್ನ ತಲೆ ಲೆಕ್ಕ ಹಾಕತೊಡಗಿತು. ಎಲ್ಲರಿಗಿಂತ ಮೊದಲು ಕಂಡದ್ದು ಇವಳಿಗೇ ತಾನೇ?

"ಅತ್ತೆ, ಇದು ನಮ್ಮಿಬ್ಬರಲ್ಲೇ ಇರಲಿ. ನೀನು ಗೆದ್ದೆ ಅಂತ ಸಾಹೇಬರಿಗೆ ಹೇಳಿಬಿಡ್ತೀನಿ. ಆದ್ರೆ ನೀನು ನನಗೊಂದು ಮಾತು ಕೊಡಬೇಕು. ಇನ್ನು ಮೇಲೆ ಗುರುತಿನ ಚೀಲ ಆಗಿದ್ರೂ ಮುಟ್ಟಲ್ಲ ಅಂತ ಹೇಳು."

ಅವಳು ಯೋಚಿಸಿದಳು. ನಮ್ಮತ್ತೆಗೆ ಇರುವ ದೊಡ್ಡ ರೋಗ ಇದೇ, ಬಾಯಿಮಾತಿಗೆ ಹೂಂ ಅನ್ನಲು ಬರುವುದಿಲ್ಲ.

"ಬೇರೆ ಯಾರದ್ದೇ ಆಗಿದ್ರೂ ಮುಟ್ಟಲ್ಲ. ಅದು ನಿನಗೂ ಗೊತ್ತು."

"ನನ್ನದು?"

"ನಿನ್ನದಾದ್ರೆ ಎತ್ಕೋತೀನಿ. ಸುಳ್ಳು ಯಾಕೆ ಹೇಳಲಿ?"

"ಒಳಗೆ ನಿಜವಾದ ಬಾಂಬೇ ಇದ್ರೆ?"

"ಇದ್ರೆ ಅದು ನಿನ್ನ ಹತ್ತಿರ ಇರಬಾರದಲ್ಲ? ಅದಕ್ಕೇ ಎತ್ಕೋತೀನಿ."

ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು. ಇಷ್ಟೊಂದು ಪ್ರೀತಿಯನ್ನು ಮುಖದ ಮೇಲೆ ಎಸೆದರೆ ಯಾರಿಗಾದರೂ ಸಿಟ್ಟೇ ಬರುತ್ತದೆ. "ಎತ್ಕೊಂಡು ಎಲ್ಲಿಗೆ ಬಂದೆ ಅತ್ತೆ? ಹೊರಗೆ ಹೋದೆಯಾ? ಆ ಕೂಸುಗಳ ಮಧ್ಯೆ ಹೊತ್ಕೊಂಡು ನನ್ನ ಹತ್ರಾನೇ ಬಂದ್ಯಲ್ಲ! ಒಂದು ಕೂಸಿನ ಕಾಲಿಗೂ ತಗುಲಿತು, ಗೊತ್ತಾ ನಿನಗೆ?"

ಅವಳು ತಿರುಗಿ ನೋಡಿದಳು. ಆ ಸಾಲು ಹಾಗೆಯೇ ಇತ್ತು. ಬಿಸಿಲಿನ ಚೌಕ ಈಗ ಅಲ್ಲಿಗೆ ಬಂದಿತ್ತು. ತಾಯಂದಿರು ಕೈಯಡ್ಡ ಹಿಡಿದು ಕೂಸುಗಳ ಕಣ್ಣಿಗೆ ನೆರಳು ಮಾಡುತ್ತಿದ್ದರು. ಅತ್ತೆ ಬಹಳ ಹೊತ್ತು ಅವರನ್ನೇ ನೋಡಿದಳು, ಒಂದೊಂದು ಮುಖವನ್ನೂ.

"ಇಷ್ಟು ಮಕ್ಕಳಿದ್ರಾ?" ಅಂದಳು. "ಒಂದೂ ಕಾಣಲಿಲ್ಲ ನೋಡು. ನನಗೆ ಒಂದೂ ಕಾಣಲಿಲ್ಲ."

ಅವಳ ಬಾಯಿಂದ ಆ ಮಾತು ಕೇಳಬೇಕಾಗಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಗೆದ್ದಳು ಎಂದು ಹೇಳುವುದು ಇನ್ನು ನನ್ನಿಂದಾಗದು. ಜೇಬಿನಿಂದ ಮೊಬೈಲು ತೆಗೆದೆ. ಸಾಹೇಬರ ಹೆಸರು ಹುಡುಕುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದಳು. ಬೇಡ ಅನ್ನುತ್ತಾಳೆಂದುಕೊಂಡೆ. ಅನ್ನಲಿ ಎಂದೂ ಅಂದುಕೊಂಡೆ.

"ಇಲ್ಲಿ ಬೇಡ. ಚೀಲದ ಹತ್ರ ಫೋನ್ ಮಾಡಬಾರದು," ಅಂದಳು. "ದೂರ ಹೋಗಿ ಮಾಡು."

ಔಷಧಿ ಅಂಗಡಿಯ ಆಚೆಯ ಮೊಗಸಾಲೆಗೆ ಹೋಗಿ ಕರೆ ಮಾಡಿದೆ.

"ಏನಾಯ್ತಮ್ಮ?" ಅಂದರು ಸಾಹೇಬರು.

"ಸೋತ್ರು ಸರ್."

"ಕಾಣಲೇ ಇಲ್ವಂತಾ?"

"ಎಲ್ಲರಿಗಿಂತ ಮೊದಲು ಕಂಡ್ರು. ಯಾರ ಚೀಲ ಅಂತಾನೂ ಗೊತ್ತಾಯ್ತು. ನನಗೆ ಹುಷಾರಿಲ್ಲ ಅಂದ್ಕೊಂಡು, ಚೀಲ ಎತ್ಕೊಂಡು ನನ್ನನ್ನ ಹುಡುಕ್ಕೊಂಡು ಬಂದ್ರು. ಅವರು ನಮ್ಮತ್ತೆ ಸರ್. ನಾನು ಬರಬಾರದಿತ್ತು."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಸಾಹೇಬರು ಬೈಯಲಿಲ್ಲ. ನಾಳೆ ಬೆಳಿಗ್ಗೆ ಬಂದು ನನ್ನನ್ನು ನೋಡು ಎಂದಷ್ಟೇ ಹೇಳಿದರು. ಅತ್ತೆಯ ವಿಷಯ ಕೇಳಿದೆ. ಕಟ್ಟಳೆ ಕಟ್ಟಳೆಯೇ ಅಂದರು. ಹೂಂ ಸರ್ ಅಂದೆ. ಬೇರೇನು ಅನ್ನಲಿ? ನಾನೇ ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ, ಅದೇ ನನ್ನ ಸಂಕಟ.

ಹಿಂತಿರುಗಿ ಬಂದು ನೋಡಿದರೆ ನಾನು ಕೂತಿದ್ದ ಬೆಂಚಿನ ಸುತ್ತ ಒಬ್ಬರೂ ಇರಲಿಲ್ಲ. ಆಚೀಚಿನ ಎರಡು ಸಾಲು ಖಾಲಿಯಾಗಿತ್ತು. ನೆಲದ ಮೇಲೆ ಮರಳು ತುಂಬಿದ ಆ ಕಂದು ಚೀಲ ಒಂಟಿಯಾಗಿತ್ತು, ಅದರಿಂದ ಬಹು ದೂರದಲ್ಲಿ ಅತ್ತೆ ಟೋಪಿ ಸರಿಮಾಡಿಕೊಂಡು, ಎರಡೂ ಕೈ ಅಗಲಿಸಿ ನಿಂತಿದ್ದಳು. "ಈ ಕಡೆ ಬರಬೇಡಿ. ಹೌದಮ್ಮ, ನೀವೂ ಅಷ್ಟೇ. ಕೂಸನ್ನ ಎತ್ಕೊಂಡು ಆಚೆ ಬಾಗಿಲಿಂದ ಹೋಗಿ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಮರಳು ಎಂದು ಅವಳಿಗೆ ಗೊತ್ತಿತ್ತು. ಅವಳನ್ನು ತಡೆಯಲು ನನಗೆ ಮನಸ್ಸು ಬರಲಿಲ್ಲ.

ನಾನು ಹೋಗಿ ಅವಳ ಪಕ್ಕ ನಿಂತೆ. ಫೋನಿನಲ್ಲಿ ಏನು ಹೇಳಿದೆ ಎಂದು ಅವಳು ಕೇಳಲಿಲ್ಲ. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಚೀಲದ ಮೇಲಿನ ಕಣ್ಣು ತೆಗೆಯದೆ, ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು:

"ನಿಜ ಹೇಳು. ನಿನಗೇನೂ ಆಗಿಲ್ಲ ತಾನೇ?"

"ಇಲ್ಲ ಅತ್ತೆ."

"ಕೈ ತೋರಿಸು."

ಬ್ಯಾಂಡೇಜು ಬಿಚ್ಚಿದೆ. ಅವಳು ಮೊಣಕೈಯಿಂದ ಬೆರಳ ತುದಿಯವರೆಗೆ ತನ್ನ ಒರಟು ಅಂಗೈಯಿಂದ ಸವರಿ ನೋಡಿದಳು, ಒಮ್ಮೆ ಸಾಲದು ಎಂಬಂತೆ ಇನ್ನೊಮ್ಮೆ ಸವರಿದಳು. ಆಮೇಲೆ "ಸರಿ ಹಾಗಾದ್ರೆ" ಎಂದು, ಆ ಸಂಜೆಯವರೆಗೆ ಇನ್ನೂ ತನ್ನದೇ ಆಗಿದ್ದ ಬಾಗಿಲಿನ ಕಡೆ ನಡೆದಳು.